ಒಂಬತ್ತು ದಿನಗಳ ವಿಮೆ

2018ರ ಸೆಪ್ಟೆಂಬರ್ 21ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ರಫೇಲ್ ನಗರದ ಟೆಲ್‌ಟೇಲ್ ಗೇಮ್ಸ್ ಎಂಬ ವಿಡಿಯೊ ಗೇಮ್ ಸಂಸ್ಥೆಯು ಸುಮಾರು 250 ಮಂದಿ ನೌಕರರನ್ನು ಒಂದೇ ದಿನ ಮನೆಗೆ ಕಳುಹಿಸಿತು. ಉಳಿಸಿಕೊಂಡದ್ದು 25 ಮಂದಿಯನ್ನು. ಪರಿಹಾರಧನವೆಂದು ಬಿಡಿಗಾಸೂ ಇಲ್ಲ. ಆರೋಗ್ಯವಿಮೆ ತಿಂಗಳ ಕೊನೆಯವರೆಗೆ, ಅಂದರೆ ಒಂಬತ್ತೇ ದಿನ. ವೈದ್ಯಖರ್ಚಿಗೆ ಉದ್ಯೋಗವೇ ಆಸರೆಯಾಗಿರುವ ಆ ನಾಡಿನಲ್ಲಿ ಇದೆಂತಹ ಪೆಟ್ಟೆಂಬುದನ್ನು, ಪ್ರಿಯ ವಾಚಕರೇ, ಮಕ್ಕಳೊಂದಿಗರಾದ ನೀವೇ ಬಲ್ಲಿರಿ.

2012ರಲ್ಲಿ ‘ದಿ ವಾಕಿಂಗ್ ಡೆಡ್’ ಎಂಬ ಆಟದಿಂದ ಈ ಸಂಸ್ಥೆ ಕೀರ್ತಿ ಗಳಿಸಿತ್ತು. ತಂದೆತಾಯಿಯರಿಂದ ಅಗಲಿದ ಬಾಲಕಿಯೊಬ್ಬಳನ್ನು ಕಾಪಾಡುವ ಹೊಣೆ ಆಡುವವನದು; ಅವನ ಆಯ್ಕೆಗಳಿಗೆ ಅವನೇ ಉತ್ತರವಾದಿ. ಇಂತಹ ಆಟಗಳನ್ನು ಬರಿಯ ಕಾಲಹರಣವೆಂದು ಮೂಗು ಮುರಿದವರಲ್ಲಿ ನಾನೂ ಒಬ್ಬ. ಇದಾದರೋ ನೀತಿಶಾಸ್ತ್ರದ ಪಾಠವೇ ಸರಿ. ಆ ಪಾಠವನ್ನು ಹೆಣೆದವರಿಗೆ ಮಾತ್ರ ಆಯ್ಕೆಯಿರಲಿಲ್ಲ.

ಸಂಸ್ಥೆಯನ್ನು ಮುಚ್ಚಲೇಬಾರದಿತ್ತೆಂದು ನಾನು ಹೇಳೆನು. ಬೊಕ್ಕಸ ಬರಿದಾದೀತು. ಆದರೆ ಆ ಸುಳಿವನ್ನು ದುಡಿಯುವವನಿಗೆ ಮೊದಲೇ ತಿಳಿಸುವುದು ದಯೆಯಲ್ಲ, ನ್ಯಾಯ. ಸಾಮೂಹಿಕ ವಜಾಕ್ಕೆ 60 ದಿನಗಳ ಮುನ್ಸೂಚನೆ ಬೇಕೆಂಬ ಕಾನೂನು ಅಮೆರಿಕದಲ್ಲಿದೆ; ಮಾಜಿ ನೌಕರರೊಬ್ಬರು ಅದನ್ನು ಹಿಡಿದು ನ್ಯಾಯಾಲಯದ ಮೆಟ್ಟಿಲೇರಿದರು.

ಅರ್ಧಕ್ಕೆ ನಿಂತಿದ್ದ ಆ ಬಾಲಕಿಯ ಕಥೆಯನ್ನು ಸ್ಕೈಬೌಂಡ್ ಎಂಬ ಸಂಸ್ಥೆಯು ಹಳೆಯ ನೌಕರರಲ್ಲಿ ಕೆಲವರನ್ನು ಕರೆಸಿಕೊಂಡು 2019ರ ಮಾರ್ಚ್‌ನಲ್ಲಿ ಪೂರ್ಣಗೊಳಿಸಿತು. ಮಿಕ್ಕವರು ಅಷ್ಟರಲ್ಲಿ ಬೇರೆ ಬಾಗಿಲುಗಳನ್ನು ತಟ್ಟಬೇಕಾಗಿತ್ತು.