ಅಕ್ಷರಶಃ ಬೀದಿಗೆ ಬಿದ್ದವರು ಯಾರು?

ಜಾತ್ರೆಯ ದಿನ ಬನಹಟ್ಟಿ 'ಅಕ್ಷರಶಃ ಜನಸಾಗರ'. ಮಳೆ ತಡವಾದರೆ ಬೀಳಗಿ 'ಅಕ್ಷರಶಃ ಕಾದ ಹಂಚು'. ನೂಲಿನ ಬೆಲೆ ಏರಿದರೆ ರಬಕವಿಯ ನೇಕಾರ 'ಅಕ್ಷರಶಃ ಬೀದಿಗೆ' ಬೀಳುತ್ತಾನೆ. ಹೋಗಿ ನೋಡಿದರೆ ಆತ ಮನೆಯೊಳಗೆ ಮಗ್ಗದ ಮುಂದೆಯೇ ಕೂತಿರುತ್ತಾನೆ. ಸಾಲ ಮಾತ್ರ ನಿಜ.

ಇಂಗ್ಲಿಷಿನ 'ಲಿಟರಲಿ'ಯೂ ಹೀಗೇ ಸಡಿಲಾಗಿದೆ, ನಿಘಂಟುಗಳೇ ಒಪ್ಪಿಕೊಂಡಿವೆ, ನಿಮ್ಮದೇನು ತಕರಾರು ಅನ್ನುವವರಿದ್ದಾರೆ. ತಕರಾರಿದೆ. ಆಲಮಟ್ಟಿಯ ಹಿನ್ನೀರಿನಲ್ಲಿ ಬೀಳಗಿ ತಾಲ್ಲೂಕಿನ ಊರುಗಳು ಮುಳುಗಿದವು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಮುಧೋಳದ, ಕೃಷ್ಣೆ ಜಮಖಂಡಿಯ ಹಳ್ಳಿಗಳಿಗೆ ನುಗ್ಗಿದಾಗ ಜನ ದನಕರು ಸಮೇತ ರಸ್ತೆಗೆ ಬಂದರು. ಈ ಪದ ಬೇಕಾಗಿದ್ದದ್ದು ಆಗ. ಆದರೆ 'ಅಕ್ಷರಶಃ ಬೀದಿಗೆ ಬಿದ್ದಾರೆ' ಎಂದು ನಾನು ಫೋನಿನಲ್ಲಿ ಹೇಳಿದರೆ ಬೆಂಗಳೂರಿನ ಗೆಳೆಯ ಕೇಳಿದ: "ಅಂದ್ರೆ, ತುಂಬಾ ನಷ್ಟ ಆಯ್ತಾ?"

"ನಷ್ಟ ಅಲ್ಲೋ, ರಾತ್ರಿ ಮಲಗೂದ ರಸ್ತೆ ಮ್ಯಾಲ" ಎಂದು ಬಿಡಿಸಿ ಹೇಳಬೇಕಾಯಿತು.

ಅಲಂಕಾರವೇ ಬೇಡ ಎನ್ನುತ್ತಿಲ್ಲ. ಮುಧೋಳದವನೇ ಆದ ರನ್ನ, ಕೊಳದ ನೀರಿನೊಳಗೆ ಅಡಗಿದ್ದ ದುರ್ಯೋಧನನಿಗೂ ಬೆವರು ಬರಿಸಿದ. ಸಾವಿರ ವರ್ಷದಿಂದ ನಂಬಿಕೊಂಡೇ ಬಂದಿದ್ದೇವೆ. ಆ ಬೆವರಿನ ಹಿಂದೆ ಒಂದು 'ಅಕ್ಷರಶಃ' ಸೇರಿಸಿ ಓದಿ ನೋಡಿ.