‘ವೆಬ್‌ಸ್ಟರ್’ ಎಂದರೆ ಯಾರು?

ಇಂಗ್ಲಿಷ್ ಓದುವವರಿಗೂ ಓದಿಸುವವರಿಗೂ ವೆಬ್‌ಸ್ಟರ್ ಎಂದರೆ ನಿಘಂಟು. ಪದವೊಂದರ ಅರ್ಥದಲ್ಲಿ ಸಂಶಯ ಹುಟ್ಟಿದಾಗ ‘ವೆಬ್‌ಸ್ಟರ್ ನೋಡಿ’ ಎಂದು ಹೇಳಿ ಸುಮ್ಮನಾಗುತ್ತೇವೆ. ಆ ವೆಬ್‌ಸ್ಟರ್ ಎಂಬ ಪದಕ್ಕೇ ಅರ್ಥವೇನೆಂದು ನೋಡಿದವರು ವಿರಳ. ನಾನೂ ನೋಡಿದವನಲ್ಲ. ತದ್ಧಿತ ಪ್ರತ್ಯಯಗಳ ಪಾಠ ನಡೆದಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಇಂಗ್ಲಿಷಿನಲ್ಲಿಯೂ ನಮ್ಮ ‘ಗಿತ್ತಿ’ಯಂಥದೊಂದು ಇದೆಯೆ ಸಾರ್?” ಎಂದು ಕೇಳಿದಳು. ಕನ್ನಡದ ಅಧ್ಯಾಪಕನಿಗೆ ಅದು ಪರರ ಹೊಲ. ನಾಳೆ ಹೇಳುತ್ತೇನೆಂದು ತಪ್ಪಿಸಿಕೊಂಡೆ. ಹುಡುಕಿದಾಗ ದೊರೆತದ್ದು ಅನಿರೀಕ್ಷಿತವಾಗಿತ್ತು. ಇಂಗ್ಲಿಷಿನ ‘ಗಿತ್ತಿ’ ಆ ನಿಘಂಟಿನ ಬೆನ್ನಿನ ಮೇಲೆಯೇ ಅಚ್ಚಾಗಿತ್ತು.

ಹಳೆಯ ಇಂಗ್ಲಿಷಿನಲ್ಲಿ ನೇಯುವವನು ‘ವೆಬ್ಬ’, ನೇಯುವವಳು ‘ವೆಬ್ಬೆಸ್ತ್ರೆ’. ನಮ್ಮ ಅಗಸ, ಅಗಸಗಿತ್ತಿಯರಂತೆ. ವೆಬ್ ಎಂಬ ಮನೆತನದ ಹೆಸರು ಹುಟ್ಟಿದ್ದು ಮೊದಲನೆಯದರಿಂದ, ವೆಬ್‌ಸ್ಟರ್ ಹುಟ್ಟಿದ್ದು ಎರಡನೆಯದರಿಂದ. ರೊಟ್ಟಿ ಸುಡುವವಳು ಬ್ಯಾಕ್ಸ್‌ಟರ್, ಏಲ್ ಎಂಬ ಮದ್ಯ ಕಾಸುವವಳು ಬ್ರೂಸ್ಟರ್. ಇವೆಲ್ಲ ತಂದೆಯಿಂದ ಮಗನಿಗೆ ಇಳಿದು ಬಂದ ಹೆಸರುಗಳು. ನಿಘಂಟುಕಾರ ನೋವಾ ವೆಬ್‌ಸ್ಟರ್ 1758ರಲ್ಲಿ ಅಮೆರಿಕದ ಕನೆಕ್ಟಿಕಟ್ ಪ್ರಾಂತದಲ್ಲಿ ಹುಟ್ಟಿ, 1828ರಲ್ಲಿ, ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ, ಸುಮಾರು 70,000 ಪದಗಳ ಮಹಾನಿಘಂಟನ್ನು ಹೊರತಂದ. ಅವನ ತಂದೆ ಬೇಸಾಯದ ಜೊತೆಗೆ ಮಗ್ಗವನ್ನೂ ನಡೆಸುತ್ತಿದ್ದನಂತೆ. ಇದು ಕಾಕತಾಳೀಯವಿರಬಹುದು. ಆದರೂ ಅಪ್ಪನ ಕೈಯಲ್ಲಿ ಮಗ್ಗ, ಹೆಸರಿನಲ್ಲಿ ನೇಯುವ ಹೆಣ್ಣು, ಮಗನ ಕೈಯಲ್ಲಿ ಪದಕೋಶ ಎಂಬ ಚಿತ್ರ ನನಗೆ ಪ್ರಿಯವಾಗಿದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪ್ರತಿಯೊಂದು ವೆಬ್‌ಸ್ಟರ್ ಮನೆತನಕ್ಕೂ ಒಬ್ಬ ಮೂಲಮಾತೆಯನ್ನು ಕಲ್ಪಿಸಿಕೊಳ್ಳುವುದು ಭಾವುಕತೆಯಾದೀತು. ಈ ವೃತ್ತಿನಾಮಗಳನ್ನು ಕುರಿತು 1935ರಲ್ಲಿ ಗ್ರಂಥ ಬರೆದ ಸ್ವೀಡನ್ನಿನ ವಿದ್ವಾಂಸ ಫ್ರಾನ್ಸನ್, ಇಂಗ್ಲೆಂಡಿನ ದಕ್ಷಿಣದಲ್ಲಿ ‘ಸ್ಟರ್’ ಹೆಚ್ಚಾಗಿ ಹೆಂಗಸರಿಗೂ ಉತ್ತರ ಪೂರ್ವಗಳಲ್ಲಿ ಹೆಚ್ಚಾಗಿ ಗಂಡಸರಿಗೂ ಸಲ್ಲುತ್ತಿತ್ತೆಂದು ತೋರಿಸಿಕೊಟ್ಟಿದ್ದಾನೆ. 1381ರ ರೈತರ ದಂಗೆಯಲ್ಲಿ ನಾರ್ಫೋಕ್ ಸೀಮೆಯ ಬಂಡಾಯಗಾರರಿಗೆ ನಾಯಕನಾಗಿದ್ದ ಜೆಫ್ರಿ ಲಿಟ್‌ಸ್ಟರ್ ಬಟ್ಟೆಗೆ ಬಣ್ಣ ಹಾಕುವವನು. ಲಿಟ್‌ಸ್ಟರ್ ಎಂದರೂ ಬಣ್ಣ ಹಾಕುವವಳೇ. ಆದರೆ ಆತ ಗಂಡಸು.

ಇದನ್ನು ಹಿಡಿದುಕೊಂಡು, ‘ಸ್ಟರ್’ ಎಂದರೆ ಬರಿಯ ಕಸುಬಿನವರು, ಅದರಲ್ಲಿ ಲಿಂಗವನ್ನು ಹುಡುಕಬಾರದು ಎಂದು ಮುಗಿಸಿಬಿಡುವವರಿದ್ದಾರೆ. ಇಲ್ಲಿಯೇ ನನ್ನ ತಕರಾರು. ಇಂಗ್ಲಿಷಿನ ಲಿಂಗವ್ಯವಸ್ಥೆ ಆಗ ಶಿಥಿಲವಾಗುತ್ತಿತ್ತು, ನಿಜ. ಆದರೆ ಅದು ದಕ್ಷಿಣದಲ್ಲಿಯೂ ಶಿಥಿಲವಾಯಿತು. ಅಲ್ಲಿ ‘ಸ್ಟರ್’ ಬಹುಕಾಲ ಹೆಂಗಸಿನದಾಗಿಯೇ ಉಳಿಯಿತಲ್ಲ! ವ್ಯಾಕರಣ ಸಡಿಲವಾದ ಮಾತ್ರಕ್ಕೆ ಗಂಡಸು ಹೆಂಗಸಿನ ಹೆಸರನ್ನು ಹೊರುವುದಿಲ್ಲ. ನಮ್ಮಲ್ಲಿ ಯಾವ ಅಗಸನಾದರೂ ತನ್ನನ್ನು ಅಗಸಗಿತ್ತಿ ಎಂದು ಕರೆಯಿಸಿಕೊಂಡಾನೆಯೆ? ನ್ಯಾಯ ಹೇಳುವ ಡೆಂಪ್‌ಸ್ಟರನಂಥ ಅಪವಾದಗಳಿವೆ, ಬಲ್ಲೆ. ಆದರೆ ಹೆಸರುವಾಸಿಯಾಗಿ ಉಳಿದವು ಬಟ್ಟೆ, ರೊಟ್ಟಿ, ಮದ್ಯ ಎಂಬ ಮನೆಗೆಲಸಗಳಿಂದ ಬಂದವು. ಗಂಡಸು ಆ ಕಸುಬಿಗೆ ಬಂದಾಗ ಅದನ್ನು ಮಾಡುವವರಿಗೆ ಊರಿನಲ್ಲಿ ಒಂದು ಹೆಸರು ಆಗಲೇ ಇತ್ತು. ಅದು ಹೆಂಗಸಿನ ಹೆಸರಾಗಿತ್ತು. ಅವನು ಕೆಲಸದೊಡನೆ ಹೆಸರನ್ನೂ ತೆಗೆದುಕೊಂಡ ಎಂದೇ ನನ್ನ ಊಹೆ.

ಕೆಲಸ ಕೈಬದಲಾದ ಬಗೆಗೆ ಇತಿಹಾಸದ ಸಾಕ್ಷ್ಯವುಂಟು. ಗೋಡೆಗೆ ಒರಗಿಸಿ, ಹಾಸಿನ ನೂಲಿಗೆ ಕಲ್ಲುಗುಂಡು ಕಟ್ಟಿ ನೇಯುವ ಹಳೆಯ ಮಗ್ಗ ಮನೆಯ ಹೆಂಗಸರದು. ಕಾಲಿನಿಂದ ತುಳಿದು ನಡೆಸುವ ಅಡ್ಡಮಗ್ಗ ಬಂದಮೇಲೆ ನೇಯ್ಗೆ ಪೇಟೆಯ ವ್ಯಾಪಾರವಾಯಿತು. ನೇಕಾರರ ಸಂಘಗಳು ಹುಟ್ಟಿದವು. 1461ರಲ್ಲಿ ಬ್ರಿಸ್ಟಲ್ ನಗರದ ಕಟ್ಟಳೆಯೊಂದು, ನೇಕಾರರು ತಮ್ಮ ಹೆಂಡತಿ, ಮಗಳು, ಆಳುಹೆಣ್ಣುಗಳನ್ನು ಮಗ್ಗಕ್ಕೆ ಕೂರಿಸಬಾರದೆಂದು ವಿಧಿಸಿತು. ರಾಜನ ಯುದ್ಧಕ್ಕೆ ಒದಗಬೇಕಾದ ಗಂಡಸರು ಇವರಿಂದಾಗಿ ಕೆಲಸವಿಲ್ಲದೆ ಅಲೆಯುತ್ತಿದ್ದಾರೆಂಬುದು ಕೊಟ್ಟ ಕಾರಣ. ಆಗಲೇ ನೇಯುತ್ತಿದ್ದ ಹೆಂಡತಿಯರಿಗೆ ಮಾತ್ರ ವಿನಾಯಿತಿ! ನಿಷೇಧ ಬೇಕಾಯಿತೆಂದರೆ ಹೆಂಗಸರು ಮಗ್ಗದ ಮುಂದೆ ಇದ್ದೇ ಇದ್ದರೆಂದಾಯಿತು. ಮದ್ಯದ ಕಥೆಯೂ ಇಂಥದೇ. ಏಲ್ ಕೆಲವೇ ದಿನಗಳಲ್ಲಿ ಹುಳಿಯುವಂಥದು. ಮನೆಯಲ್ಲಿ ಕಾಸಿ ನೆರೆಹೊರೆಯವರಿಗೆ ಮಾರಬಹುದು. ಹಾಪ್ಸ್ ಹೂವು ಹಾಕಿದ ಬಿಯರು ಬಹುದಿನ ಕೆಡದೆ ಬಂಡವಾಳದ ಉದ್ಯಮವಾಯಿತು; ಬ್ರೂಸ್ಟರಳು ಹಿಂದೆ ಸರಿದಳು.

ಇಷ್ಟರಲ್ಲಿ ‘ಸ್ಟರ್’ ಎಷ್ಟು ಸವೆದಿತ್ತೆಂದರೆ, ಹೊಲಿಯುವವಳಿಗೆ ಇದ್ದ ‘ಸೀಮ್‌ಸ್ಟರ್’ ಸಾಲದೆ ಫ್ರೆಂಚಿನಿಂದ ಬಂದ ‘ಎಸ್’ ಪ್ರತ್ಯಯವನ್ನೂ ತಗುಲಿಸಿ ‘ಸೀಮ್‌ಸ್ಟ್ರೆಸ್’ ಮಾಡಿದರು. ಹೆಣ್ಣಿನ ಮೇಲೆ ಇನ್ನೊಂದು ಹೆಣ್ಣು ಪ್ರತ್ಯಯ.

ಇದನ್ನೆಲ್ಲ ಮರುದಿನ ತರಗತಿಯಲ್ಲಿ ಹೇಳಿದೆ. ಆ ಹುಡುಗಿ ಬಿಡಲಿಲ್ಲ. “ಹಾಗಾದರೆ ಸ್ಪಿನ್‌ಸ್ಟರ್ ಎಂಬುದು ಯಾರ ಮನೆತನದ ಹೆಸರೂ ಏಕಾಗಲಿಲ್ಲ?” ಎಂದಳು. ಪ್ರಶ್ನೆ ಚೆನ್ನಾಗಿತ್ತು. ಸ್ಪಿನ್‌ಸ್ಟರ್ ಎಂದರೆ ನೂಲುವವಳು. ನೇಯ್ಗೆಯಂತೆ ನೂಲುವುದು ಗಂಡಸಿನ ಕೈಗೆ ಹೋಗಲಿಲ್ಲ. ಕೂಲಿ ಅತ್ಯಲ್ಪ, ಮನೆಗೆಲಸದ ನಡುನಡುವೆ ಮಾಡುವಂಥದು. ಹೆಂಗಸಿನ ಕಸುಬು ಮಗನಿಗೆ ಹೆಸರಾಗಿ ಇಳಿಯುವುದು ಅಪೂರ್ವ. ಆದುದರಿಂದ ಆ ಪದ ಮನೆತನದ ಹೆಸರಾಗಿ ನೆಲೆಗೊಳ್ಳದೆ ನ್ಯಾಯಾಲಯದ ಕಾಗದಗಳಿಗೆ ಸೇರಿತು. ಕಟ್ಲೆಯಲ್ಲಿ ಹೆಸರಿನ ಜೊತೆ ಅಂತಸ್ತನ್ನೋ ಕಸುಬನ್ನೋ ಬರೆಯಬೇಕೆಂದು 1413ರ ಕಾನೂನು ವಿಧಿಸಿತ್ತು. ಹೆಂಗಸಿನ ಮುಂದೆ ‘ನೂಲುವವಳು’ ಎಂದು ಬರೆದೂ ಬರೆದೂ ಹದಿನೇಳನೆಯ ಶತಮಾನದ ಹೊತ್ತಿಗೆ ಅದು ‘ಮದುವೆಯಾಗದವಳು’ ಎಂದಾಯಿತು. 1779ರ ಸುಮಾರಿಗೆ ಕ್ರಾಂಪ್ಟನ್ ‘ಮ್ಯೂಲ್’ ಎಂಬ ನೂಲುವ ಯಂತ್ರವನ್ನು ರೂಪಿಸಿದ. ಲ್ಯಾಂಕಷೈರಿನ ಗಿರಣಿಗಳಲ್ಲಿ ಅದನ್ನು ನಡೆಸಲು ಕೊನೆಗೂ ಗಂಡಸರು ಬಂದರು. ಅವರು ತಮ್ಮನ್ನು ‘ಸ್ಪಿನ್ನರ್’ ಎಂದು ಕರೆದುಕೊಂಡರು.

ಸ್ಪಿನ್‌ಸ್ಟರ್ ಇಂಗ್ಲೆಂಡಿನ ವಿವಾಹ ದಾಖಲೆಗಳಲ್ಲಿ 2005ರ ಡಿಸೆಂಬರಿನವರೆಗೆ ಉಳಿದಿದ್ದಳು. ಆಮೇಲೆ ಆ ಅಂಕಣದಲ್ಲಿ ಗಂಡಿಗೂ ಹೆಣ್ಣಿಗೂ ‘ಸಿಂಗಲ್’ ಎಂದು ಬರೆಯತೊಡಗಿದರು.