ಸೈಕಲ್ಲಿಗೆ ಅರ್ಧ, ಮರಕ್ಕೆ ಸೊನ್ನೆ

ನಮ್ಮ ರಸ್ತೆ ಎಂಜಿನಿಯರುಗಳ ಕೈಯಲ್ಲಿ ಒಂದು ಪುಸ್ತಿಕೆ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ಹೊರಡಿಸಿದ್ದು. ಹಳ್ಳಿಗಾಡಿನ ರಸ್ತೆ ಎಷ್ಟು ಸಂಚಾರ ತಾಳಿಕೊಳ್ಳುತ್ತದೆ ಎಂದು ಲೆಕ್ಕ ಹಾಕಲು ಅದು ಬೇಕು. ಅದರಲ್ಲಿ ಎಲ್ಲವನ್ನೂ ಕಾರಿನಲ್ಲೇ ಅಳೆಯಬೇಕು. ಕಾರು ಅಂದರೆ ಒಂದು. ಬಸ್ಸು, ಲಾರಿ ಮೂರು. ಕುದುರೆ ಗಾಡಿ ನಾಲ್ಕು. ಎತ್ತಿನ ಗಾಡಿ ಎಂಟು. ಸೈಕಲ್ ಅರ್ಧ. ಎತ್ತಿನ ಗಾಡಿಗೆ ಎಂಟು ಕೊಟ್ಟಿದ್ದು ಮರ್ಯಾದೆಗಲ್ಲ, ಎಂಟು ಕಾರಿನಷ್ಟು ಅಡ್ಡ ಬರುತ್ತದೆ ಎಂಬ ದೂರಿಗೆ. ತಲೆ ಮೇಲೆ ಸೊಪ್ಪಿನ ಹೊರೆ ಹೊತ್ತು ಅದೇ ರಸ್ತೆಯಲ್ಲಿ ನಡೆದು ಬರುವ ಹೆಂಗಸಿಗೆ ಆ ಕೋಷ್ಟಕದಲ್ಲಿ ಜಾಗವೇ ಇಲ್ಲ. ರಸ್ತೆ ಬದಿಯ ಮರಕ್ಕೂ ಇಲ್ಲ.

ಮಲೆನಾಡಿನಲ್ಲಿ ಗುಡ್ಡ ಕಡಿಯುತ್ತಿರುವುದು ಜೆಸಿಬಿ ಎಂದು ನಾವು ಅಂದುಕೊಂಡಿದ್ದೇವೆ. ಜೆಸಿಬಿ ಆಮೇಲೆ ಬರುತ್ತದೆ. ಮೊದಲು ಕಡಿಯುವುದು ಈ ಕೋಷ್ಟಕ.

ಜೋಗದಿಂದ ಮಾವಿನಗುಂಡಿ ದಾಟಿ ಗೇರುಸೊಪ್ಪೆಗೆ ಸೈಕಲ್ಲಿನಲ್ಲಿ ಇಳಿದು ನೋಡಿ. ಪೆಡಲ್ ತುಳಿಯುವ ಕೆಲಸವೇ ಇಲ್ಲ, ಬ್ರೇಕಿನ ಮೇಲೆ ಎರಡು ಬೆರಳು ಇಟ್ಟರೆ ಸಾಕು. ಕತ್ತಲೆಕಾನಿನ ಹತ್ತಿರ ಬಂದಾಗ ಗಾಳಿಯೇ ಬದಲಾಗುತ್ತದೆ. ತೋಳಿನ ಬೆವರು ತಣ್ಣಗಾಗುತ್ತದೆ, ಕೊಳೆತ ಎಲೆಯ ವಾಸನೆ ಮೂಗಿಗೆ ಬಡಿಯುತ್ತದೆ. ಪಕ್ಕದ ಕಾಡಿನೊಳಗೆ ರಾಮಪತ್ರೆ ಜಡ್ಡಿಗಳಿವೆ. ವರ್ಷವಿಡೀ ನೀರು ಜಿನುಗುವ ಆ ಕೆಸರಿನಿಂದ ಮರದ ಬೇರುಗಳು ಉಸಿರಿಗಾಗಿ ಮೊಣಕಾಲಿನಂತೆ ಮಡಚಿಕೊಂಡು ಮೇಲೆದ್ದಿರುತ್ತವೆ. ಇಲ್ಲಿಯ ಒಂದು ಮರಕ್ಕೆ ವಿಜ್ಞಾನಿಗಳು ಹೆಸರಿಟ್ಟಿದ್ದೇ 2000ದಲ್ಲಿ, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು. ಊರಿನ ಹೆಸರನ್ನೇ ಹೊತ್ತ ಮರ. ಇಪ್ಪತ್ತೊಂದನೇ ಶತಮಾನದ ಹೊಸ್ತಿಲವರೆಗೆ ನಾವು ಅದನ್ನು ಗುರುತಿಸಿಯೇ ಇರಲಿಲ್ಲ ಎಂದರೆ, ಗುರುತಿಸುವ ಮುಂಚೆಯೇ ಕಡಿದು ಹಾಕಿದ್ದು ಎಷ್ಟಿರಬಹುದು?

ಈ ಇಳಿಜಾರಿನಲ್ಲಿ ಕೆಲವು ಕಡೆ ಎರಡೂ ಬದಿಯ ಕೊಂಬೆಗಳು ರಸ್ತೆಯ ಮೇಲೆ ಒಂದಕ್ಕೊಂದು ತಾಗಿಕೊಂಡಿವೆ. ನನ್ನಂಥವನಿಗೆ ಅದು ನೆರಳು. ಸಿಂಗಳೀಕಕ್ಕೆ ಅದೇ ದಾರಿ. ಕರಿ ಮೈ, ಮುಖದ ಸುತ್ತ ಬೂದು ಕೇಸರ, ತುದಿಯಲ್ಲಿ ಕುಚ್ಚಿರುವ ಬಾಲ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಕಾಣದ ಈ ಕೋತಿ ತನ್ನ ಬದುಕಿನ ಬಹುಪಾಲನ್ನು ಮರದ ಮೇಲೆಯೇ ಕಳೆಯುತ್ತದೆ. ರಸ್ತೆ ಅಗಲವಾಗಿ ಕೊಂಬೆಗಳ ನಂಟು ಕಡಿದಾಗ ಅದು ನೆಲಕ್ಕಿಳಿಯಬೇಕು, ಡಾಂಬರು ದಾಟಬೇಕು. ದಾಟುವಾಗ ಯಾರೋ ಪ್ರವಾಸಿ ಕಾರಿನ ಕಿಟಕಿ ಇಳಿಸಿ ಬಾಳೆಹಣ್ಣು ಎಸೆಯುತ್ತಾನೆ. ಮುಂದಿನ ಕಾರಿನವನು ಗುದ್ದಿಕೊಂಡು ಹೋಗುತ್ತಾನೆ.

2019ರಲ್ಲಿ ಈ ಕಾಡುಗಳನ್ನೆಲ್ಲ ಸೇರಿಸಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಎಂದು ಸರ್ಕಾರವೇ ಸಾರಿತು. ಅಭಯ ಎಂದರೆ ಭಯವಿಲ್ಲ ಎಂದು ಆ ಮಂಗ ನಂಬಿದ್ದರೆ ಅದರ ಹಣೆಬರಹ. ಅದೇ ಅಭಯಾರಣ್ಯದೊಳಗೆ ಈಗ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಹಟ ಹಿಡಿದಿದ್ದಾರೆ. ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಎತ್ತುವುದು, ವಿದ್ಯುತ್ತಿಗೆ ಬೇಡಿಕೆ ಏರಿದಾಗ ಅದನ್ನೇ ಇಳಿಸಿ ಟರ್ಬೈನ್ ತಿರುಗಿಸುವುದು. ಎತ್ತಲು ಬೇಕಾದ ಕರೆಂಟು ಇಳಿಯುವಾಗ ಸಿಗುವುದಕ್ಕಿಂತ ಹೆಚ್ಚು, ಅದನ್ನು ಅವರೂ ಅಲ್ಲಗಳೆಯುವುದಿಲ್ಲ. ಎಲ್ಲ ನೆಲದಡಿಯ ಸುರಂಗ, ಮೇಲಿನ ಕಾಡಿಗೆ ಏನೂ ಆಗದು ಎನ್ನುತ್ತಾರೆ. ಸುರಂಗ ಕೊರೆಯುವ ಯಂತ್ರ ಆಕಾಶದಿಂದ ಇಳಿಯುತ್ತದೆಯೇ? ಅದಕ್ಕೆ ರಸ್ತೆ ಬೇಕು. ಅಗೆದ ಕಲ್ಲು ಮಣ್ಣು ಸುರಿಯಲು ಜಾಗ ಬೇಕು. ಅದಕ್ಕಾಗಿಯೇ ಹದಿನೈದು ಸಾವಿರಕ್ಕೂ ಹೆಚ್ಚು ಮರಗಳು ಪಟ್ಟಿಯಲ್ಲಿವೆ. ಶರಾವತಿ ಹೊಳೆ ಈಗಾಗಲೇ ಒಂದು ನಾಡಿಗೆ ದೀಪ ಹಚ್ಚಿದೆ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಊರು, ಗದ್ದೆ, ದೇವಸ್ಥಾನ ಎಲ್ಲ ಕೊಟ್ಟವರ ಮೊಮ್ಮಕ್ಕಳು ಇಂದಿಗೂ ಭೂಮಿಯ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿದ್ದಾರೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. 2025ರ ಜುಲೈನಲ್ಲಿ ಅದೇ ಲಿಂಗನಮಕ್ಕಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಬಂತಲ್ಲ, ಅದಕ್ಕೆ ನನ್ನ ತಕರಾರಿಲ್ಲ. ಲಾಂಚಿನ ಮೇಲೆ ಸೈಕಲ್ ಒರಗಿಸಿಕೊಂಡು ಹಿನ್ನೀರು ದಾಟುವುದು ಚೆಂದವಿತ್ತು, ನಿಜ. ಆದರೆ ಹಿನ್ನೀರು ದ್ವೀಪವಾಗಿಸಿದ ತುಮರಿ ಕಡೆಯ ಬಸುರಿ ಹೆಂಗಸು ರಾತ್ರಿ ನೋವು ತಿನ್ನುತ್ತ ದಡದಲ್ಲಿ ಕಾಯಬೇಕಾಗಿದ್ದಾಗ ನನ್ನ ಚೆಂದವನ್ನು ಯಾರು ಕೇಳಬೇಕು? ಅದು ಅರವತ್ತು ವರ್ಷ ತಡವಾಗಿ ತೀರಿದ ಸಾಲ. ಸಾಲ ತೀರಿಸಿದ್ದನ್ನೇ ನೆಪ ಮಾಡಿಕೊಂಡು ದ್ವೀಪದ ಒಳರಸ್ತೆಗಳನ್ನೆಲ್ಲ ರೆಸಾರ್ಟ್ ಕಾರುಗಳಿಗೆ ಬರೆದುಕೊಟ್ಟರೆ ಮಾತ್ರ ಜಗಳ.

ರಸ್ತೆ ಅಗಲವಾಗದಿದ್ದರೆ ಆಂಬುಲೆನ್ಸ್ ಹೇಗೆ ಬರಬೇಕು ಎಂದು ಕೇಳುವವರು ಇದ್ದಾರೆ. ಅವರು ಶಿರೂರಿಗೆ ಹೋಗಿ ಬರಲಿ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಆ ಊರಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಕಳಚಿ ಬಿತ್ತು. ರಸ್ತೆ ಬದಿಯ ಚಹದಂಗಡಿ, ಅದರ ಕುಟುಂಬ, ನಿಂತ ಲಾರಿಗಳು ಎಲ್ಲ ಗಂಗಾವಳಿಯ ಪಾಲಾದವು. ಮಣ್ಣು ಬಿದ್ದ ಹೊಡೆತಕ್ಕೆ ಹೊಳೆಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೂ ಬಡಿಯಿತು. ಕೇರಳದ ಲಾರಿ ಚಾಲಕನೊಬ್ಬನ ದೇಹ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಹೆದ್ದಾರಿಗಾಗಿ ಗುಡ್ಡದ ಬುಡ ಕತ್ತರಿಸಿದ್ದನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಪ್ರಾಥಮಿಕ ವರದಿಯೇ ಎತ್ತಿ ತೋರಿಸಿತು. ವರದಿ ಬೇಕಿತ್ತೇ? ಕರಾವಳಿಯ ಯಾವ ಬಾವಿ ತೋಡುವವನನ್ನು ಕೇಳಿದರೂ ಹೇಳುತ್ತಾನೆ: ಮೇಲೆ ಜಂಬಿಟ್ಟಿಗೆ ಗಟ್ಟಿ, ಕೆಳಗೆ ಶೇಡಿ ಮಣ್ಣು, ನೀರು ಕುಡಿದರೆ ಬೆಣ್ಣೆ. ಅದನ್ನು ಗೋಡೆಯ ಹಾಗೆ ನೆಟ್ಟಗೆ ಕತ್ತರಿಸಿ, ಮೇಲಿನ ಮರ ತೆಗೆದು, ಮಳೆ ನೀರಿಗೆ ದಾರಿ ಬಿಡದೆ ಹೋದರೆ ಗುಡ್ಡ ಮತ್ತೇನು ಮಾಡಬೇಕು? ಶಿರಾಡಿಯಲ್ಲೂ ಇದೇ ಕಥೆ. 2018ರ ಕುಸಿತದಲ್ಲಿ ಆ ಘಾಟಿ ವಾರಗಟ್ಟಲೆ ಮುಚ್ಚಿತ್ತು, ಆಮೇಲಿನ ಮಳೆಗಾಲಗಳಲ್ಲೂ ದೋಣಿಗಲ್ಲಿನ ಹತ್ತಿರ ರಸ್ತೆ ಕುಸಿಯುವುದು ಸುದ್ದಿಯೇ ಅಲ್ಲ ಎಂಬಂತಾಯಿತು. ಮುಚ್ಚಿದ ಘಾಟಿಯಲ್ಲಿ ಆಂಬುಲೆನ್ಸ್ ಎಷ್ಟು ವೇಗವಾಗಿ ಹೋಗುತ್ತದೆ, ಸ್ವಾಮಿ?

ಕಾನೂನು ಏನು ಮಾಡುತ್ತಿತ್ತು ಎಂದರೆ, ಮಲಗಿತ್ತು ಎನ್ನುವಂತಿಲ್ಲ, ಮಲಗಿಸಲಾಗಿತ್ತು. ಇರುವ ಹೆದ್ದಾರಿಯನ್ನು ಅಗಲ ಮಾಡುವಾಗ ಅದರ ಉದ್ದ 100 ಕಿಲೋಮೀಟರ್ ದಾಟಿ, ಹೆಚ್ಚುವರಿ ಭೂಮಿಯ ಅಗಲ 40 ಮೀಟರ್ ಮೀರಿದರೆ ಮಾತ್ರ ಪರಿಸರ ಅನುಮತಿ ಬೇಕು ಎಂದು ಕೇಂದ್ರ 2013ರಲ್ಲಿ ನಿಯಮ ಸಡಿಲಿಸಿತು. ಮುಂದಿನದು ಅಂಗೈ ಮೇಲಿನ ನೆಲ್ಲಿಕಾಯಿ. ಯೋಜನೆಯನ್ನು ತುಂಡು ತುಂಡು ಮಾಡಿದರಾಯಿತು. ಹಿಮಾಲಯದ ಚಾರ್‌ಧಾಮ್ ರಸ್ತೆಯನ್ನು 53 ತುಂಡು ಮಾಡಿದ್ದರು. ನೂರು ಕಿಲೋಮೀಟರಿನ ಒಳಗೆ ಗುಡ್ಡ ಕುಸಿಯುವುದಿಲ್ಲವೆಂದು ಗುಡ್ಡಗಳಿಗೂ ಒಂದು ಸುತ್ತೋಲೆ ಕಳಿಸಿದ್ದಾರೇನೋ.

ನಮ್ಮ ಸೈಕಲ್ಲಿನವರನ್ನೂ ಬಿಡುವಂತಿಲ್ಲ. ಲಕ್ಷ ರೂಪಾಯಿಯ ಸೈಕಲ್ಲನ್ನು ಕಾರಿನ ತಲೆ ಮೇಲೆ ಕಟ್ಟಿಕೊಂಡು ಬೆಂಗಳೂರಿನಿಂದ ಸಕಲೇಶಪುರಕ್ಕೆ ಬಂದು, ಹತ್ತು ಕಿಲೋಮೀಟರ್ ತುಳಿದು, ಫೋಟೋ ತೆಗೆದು, ಕಾರಿನಲ್ಲೇ ವಾಪಸಾಗುವ ಗೆಳೆಯರು ನನಗೂ ಇದ್ದಾರೆ. ರಸ್ತೆ ಸರಿಯಿಲ್ಲ ಎಂದು ಮೊದಲು ಗೊಣಗುವವರೂ ಅವರೇ.

ಆದರೆ ಸೈಕಲ್ ಎಂದರೆ ಅವರಷ್ಟೇ ಅಲ್ಲ. 2006-07ರಿಂದ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚುತ್ತ ಬಂದಿತ್ತು. ಬಸ್ಸಿಲ್ಲದ ಊರುಗಳ ಹುಡುಗಿಯರು ಹೈಸ್ಕೂಲು ಕಂಡಿದ್ದರಲ್ಲಿ ಆ ಸೈಕಲ್ಲಿನ ಪಾಲು ದೊಡ್ಡದು. ಕೋವಿಡ್ ಹೊತ್ತಿಗೆ ಅದೂ ನಿಂತಿತು. ಒಂದು ಕೈಯಲ್ಲಿ ಸೈಕಲ್ ಕೊಟ್ಟು ಇನ್ನೊಂದು ಕೈಯಲ್ಲಿ ಅದನ್ನು ತುಳಿಯುವ ನೆರಳಿನ ರಸ್ತೆ ಕಿತ್ತುಕೊಂಡರೆ ಆ ಹುಡುಗಿ ಯಾವ ಲೇನಿನಲ್ಲಿ ಹೋಗಬೇಕು?

ಸಾಲುಮರದ ತಿಮ್ಮಕ್ಕ ಹುಲಿಕಲ್ ಮತ್ತು ಕುದೂರಿನ ನಡುವೆ ಆಲದ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು ಮರ ಮಾಡಿದರು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡುವ ಯೋಜನೆಯಿಂದ ಅವೇ ಮರಗಳನ್ನು ಉಳಿಸಿ ಎಂದು ಆ ಅಜ್ಜಿ ಸರ್ಕಾರದ ಬಾಗಿಲಿಗೆ ಹೋಗಬೇಕಾಯಿತು. ಹೆಸರಿದ್ದುದಕ್ಕೆ ಅವರ ಅಹವಾಲು ಕೇಳಿಸಿಕೊಂಡರು. ಹೆಸರಿಲ್ಲದವರು ನೆಟ್ಟ ಮರಗಳ ತೊಗಟೆ ಕೆತ್ತಿ, ಬಣ್ಣದಲ್ಲಿ ನಂಬರ್ ಬರೆದು ಹೋಗುತ್ತಾರೆ. ಒಮ್ಮೆ ನಂಬರ್ ಬಿದ್ದ ಮರ ಸೈಟಿನ ಮೇಲಿನ ಕಸ. ಬದಲಿಗೆ ಹತ್ತು ಗಿಡ ನೆಡುತ್ತೇವೆ ಎಂಬುದು ಅವರ ಸಿದ್ಧ ಉತ್ತರ. ಎಲ್ಲಿ, ಯಾವ ಗಿಡ ಎಂದು ಕೇಳಿದರೆ ಅಕೇಸಿಯಾ ತೋಪು ತೋರಿಸುತ್ತಾರೆ. ಅಕೇಸಿಯಾದ ಕೆಳಗೆ ಹುಲ್ಲೂ ಸರಿಯಾಗಿ ಹುಟ್ಟುವುದಿಲ್ಲ.

ಬೇಡ ಅನ್ನುವುದು ನಮಗೆ ಗೊತ್ತಿಲ್ಲದ ವಿದ್ಯೆಯಲ್ಲ. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ನಿಲ್ಲಿಸಿದ್ದು 2009ರಲ್ಲಿ. ಕೇರಳದಿಂದ ದೆಹಲಿಯವರೆಗೆ ಎಷ್ಟು ಒತ್ತಡ ಬಂದರೂ ಅದು ನಿಂತಿದೆ, ಯಾವ ಊರೂ ಹಾಳಾಗಿಲ್ಲ. ಹಾಗಿದ್ದ ಮೇಲೆ ಘಟ್ಟದ ಒಳದಾರಿಗಳಲ್ಲಿ ವಾರಕ್ಕೊಂದು ದಿನ ಪ್ರವಾಸಿ ಕಾರುಗಳನ್ನು ನಿಲ್ಲಿಸಿ, ಬಸ್ಸು, ಆಂಬುಲೆನ್ಸ್ ಮತ್ತು ಊರವರ ವಾಹನ ಮಾತ್ರ ಬಿಡಲು ಏನು ಅಡ್ಡಿ? ಹೆದ್ದಾರಿ ನೇರ ಮಾಡಿದಾಗ ಪಕ್ಕದಲ್ಲಿ ಉಳಿಯುವ ಹಳೇ ತಿರುವುಗಳನ್ನು ನೋಡಿದ್ದೀರಾ? ಮರ ನಿಂತಿರುತ್ತದೆ, ಡಾಂಬರೂ ಇರುತ್ತದೆ. ಗುತ್ತಿಗೆದಾರ ಅಲ್ಲಿ ಕಲ್ಲು ಮಣ್ಣು ಸುರಿದು ಹೋಗುತ್ತಾನೆ. ಆ ತುಂಡುಗಳನ್ನು ಜೋಡಿಸಿ ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟರೆ ಸರ್ಕಾರಕ್ಕೆ ಒಂದು ಮೀಟರ್ ಹೊಸ ಭೂಮಿಯೂ ಬೇಡ.

ಒಂದೇ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಉರುಳಿಸುವ ಮುನ್ನ ಜನರ ಆಕ್ಷೇಪಣೆ ಕೇಳಬೇಕೆಂದು ಕರ್ನಾಟಕದ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿದೆ. ಅಂಥದೊಂದು ಸಭೆಯಲ್ಲಿ ನಾನು ಎದ್ದು ನಿಂತು, ಈ ರಸ್ತೆಯಲ್ಲಿ ದಿನಕ್ಕೆ ಎಷ್ಟು ಸೈಕಲ್ ಹೋಗುತ್ತವೆ ಎಂದು ಎಣಿಸಿದ್ದೀರಾ ಎಂದೆ. ವೇದಿಕೆಯ ಮೇಲೆ ಒಬ್ಬರು ನಕ್ಕರು. "ಸೈಕಲ್ಲಾ ಸಾರ್?" ಹೌದು, ಸೈಕಲ್ಲೇ. ಎಷ್ಟು ಸೈಕಲ್, ಎಷ್ಟು ಶಾಲೆಯ ಮಕ್ಕಳು, ತಲೆಹೊರೆಯ ಎಷ್ಟು ಹೆಂಗಸರು, ರಸ್ತೆ ದಾಟುವ ಎಷ್ಟು ಸಿಂಗಳೀಕ. ಮುಂದಿನ ಸಭೆಗೂ ಬರುತ್ತೇನೆ, ಒಬ್ಬನೇ ಬರುವುದಿಲ್ಲ. ಜೆಸಿಬಿಗೆ ಡೀಸೆಲ್ ಹಾಕಿಸುವ ಮುಂಚೆ ಇದಕ್ಕೆ ಉತ್ತರ ಬರಹದಲ್ಲಿ ಕೊಡಿ, ಸಹಿ ಹಾಕಿ ಕೊಡಿ.